ಸೈಕಲ್ ಒಂದು, ಪಂಪ್ ಸಹಿತ

ಕಳೆದ ವಾರ ಮಗಳ ಸ್ಕೂಲಿನವರು ಕೇಳಿದ್ದ ಒಂದು ಪ್ರಮಾಣಪತ್ರಕ್ಕಾಗಿ ನಂಜನಗೂಡಿನ ಸರ್ಕಾರಿ ಕಚೇರಿಯೊಂದರಲ್ಲಿ ಬೆಂಚಿನ ಮೇಲೆ ಕುಳಿತಿದ್ದೆ. ಒಳಗಿನಿಂದ ಗೋಂದಿನ ವಾಸನೆ ಬಂತು. ಇಂಥ ಬೆಂಚುಗಳ ಮೇಲೆ ಕುಳಿತು ಅಭ್ಯಾಸವಿದ್ದರೆ ನಿಮಗೂ ಅದು ಗೊತ್ತಿರುತ್ತದೆ. ಹುಳಿ ಬಂದ ಗೋಂದು, ಹಳೆಯ ಕಾಗದದ ಧೂಳು, ಯಾರದೋ ಊಟದ ಡಬ್ಬಿಯ ಉಪ್ಪಿನಕಾಯಿ, ಮೂರೂ ಸೇರಿದ ವಾಸನೆ. ನಮ್ಮನೆಯವರ ಅಂಗಿಯಲ್ಲಿ ಹನ್ನೊಂದು ವರ್ಷ ಇದೇ ವಾಸನೆ ಇತ್ತು. ಎಷ್ಟು ಒಗೆದರೂ ಹೋಗುತ್ತಿರಲಿಲ್ಲ, ಒಗೆಯುವಾಗೆಲ್ಲ ಬೈದುಕೊಳ್ಳುತ್ತಿದ್ದೆ. ಈಗ ಯಾರಾದರೂ ನೋಡಿಯಾರೆಂದು ಸೆರಗನ್ನು ಮುಖಕ್ಕೆ ಅಡ್ಡ ಹಿಡಿದುಕೊಂಡು ಚೆನ್ನಾಗಿ ಉಸಿರೆಳೆದುಕೊಂಡೆ.

ಎದುರಿನ ಗೋಡೆಯಲ್ಲಿ ಒಂದು ಬೋರ್ಡು. 'ಕರ್ತವ್ಯ ನಿರ್ವಹಿಸುತ್ತಿರುವ ನೌಕರರಿಗೆ ಅಡ್ಡಿಪಡಿಸುವುದು ಶಿಕ್ಷಾರ್ಹ ಅಪರಾಧ.' ಅದರ ಕೆಳಗೆ ಮೂರು ಕುರ್ಚಿ. ಎರಡು ಖಾಲಿ. ಮೂರನೆಯದರ ಬೆನ್ನಿಗೆ ಒಂದು ಸ್ವೆಟರ್ ತೊಡಿಸಿತ್ತು. ನಾನು ಆ ಸ್ವೆಟರಿಗೆ ಯಾವ ಅಡ್ಡಿಯನ್ನೂ ಪಡಿಸದೆ ಒಂದೂವರೆ ಗಂಟೆ ಕುಳಿತೆ.

ಈ 'ನಿರ್ವಹಿಸು' ಎನ್ನುವ ಮಾತು ನನಗೆ ಮದುವೆಯ ಜೊತೆಗೆ ಬಂದದ್ದು. ಅದಕ್ಕೂ ಮುಂಚೆ ನಮ್ಮ ಮನೆಯಲ್ಲಿ ಯಾರೂ ಏನನ್ನೂ ನಿರ್ವಹಿಸಿದವರಲ್ಲ. ಬಿಳಿಗೆರೆಯಲ್ಲಿ ಅಪ್ಪ ಉಳುತ್ತಿದ್ದರು, ಅಮ್ಮ ಹಾಲು ಕರೆಯುತ್ತಿದ್ದಳು, ನಾನು ಪಿಯುಸಿ ಮುಗಿಸಿ ಸೊಪ್ಪು ಬಿಡಿಸುತ್ತಿದ್ದೆ. ಇವರು ನನ್ನನ್ನು ನೋಡಲು ಬಂದ ದಿನ ಅಪ್ಪ, "ಈಗ ಎಲ್ಲಿ ಕೆಲ್ಸ?" ಎಂದು ಕೇಳಿದರು. ಇವರು ಬೆನ್ನು ನೆಟ್ಟಗೆ ಮಾಡಿಕೊಂಡು, "ತಿ. ನರಸೀಪುರದಲ್ಲಿ ಕರ್ತವ್ಯ ನಿರ್ವಹಿಸುತ್ತಿದ್ದೇನೆ" ಎಂದರು. ಬಾಗಿಲ ಹಿಂದೆ ನಿಂತಿದ್ದ ನನಗೆ ರೇಡಿಯೋ ಹಾಕಿದ ಹಾಗಾಯಿತು.

ನಮ್ಮಜ್ಜಿಗೆ ಸಮಾಧಾನವಾಗಲಿಲ್ಲ. "ಅದ್ ಸರಿ ಕಣಪ್ಪಾ. ಕೆಲ್ಸ ಏನ್ ಮಾಡೀಯೆ?"

ಇವರು ಸ್ವಲ್ಪ ಯೋಚಿಸಿದರು. "ಬರೀತೀನಿ ಅಜ್ಜಿ."

"ಏನ ಬರ್ದೀಯೆ?"

"ಮೇಲಿನವರು ಹೇಳಿದ್ದನ್ನ."

ಅಜ್ಜಿ ಒಳಗೆ ಬಂದು ಅಮ್ಮನಿಗೆ, "ಹೈದ ಪಾಪದವ್ನೆ ಕಣವ್ವ, ಕೊಡ್ಬೋದು" ಎಂದಳು. ಆ ಮನೆಯಲ್ಲಿ ಮನುಷ್ಯರನ್ನು ಅವಳಷ್ಟು ಬೇಗ ಅಳೆದವರು ಬೇರೆ ಯಾರೂ ಇರಲಿಲ್ಲ.

ಮದುವೆಯಾಗಿ ಕೆಲವು ವರ್ಷ ಆ ಮಾತನ್ನು ಕೇಳುತ್ತಾ ಕೇಳುತ್ತಾ ನನಗೂ ಅದರ ಗುಟ್ಟು ಸ್ವಲ್ಪ ಹಿಡಿಯಿತು. ಕೆಲಸ ಮಾಡಿದರೆ ಅದು ಮುಗಿಯುತ್ತದೆ. ಹಸು ಕರೆದರೆ ತಂಬಿಗೆ ತುಂಬುತ್ತದೆ, ಸೊಪ್ಪು ಬಿಡಿಸಿದರೆ ಕಡ್ಡಿ ಒಂದು ಕಡೆ ಎಲೆ ಒಂದು ಕಡೆ. ಕರ್ತವ್ಯ ನಿರ್ವಹಿಸುವವರಿಗೆ ಈ ತೊಂದರೆ ಇಲ್ಲ. ಅವರು ಯಾವಾಗಲೂ ನಿರ್ವಹಿಸುತ್ತಲೇ ಇರುತ್ತಾರೆ. 'ನಿರ್ವಹಿಸಿದರು' ಎಂದು ಮುಗಿಸಿ ಹೇಳುವುದನ್ನು ನಾನು ಕೇಳಿರುವುದು ಎರಡೇ ಕಡೆ, ನಿವೃತ್ತಿಯ ಸಭೆಯಲ್ಲಿ ಮತ್ತು ಸಂತಾಪದ ಸಭೆಯಲ್ಲಿ. ಬಾಗಿಲಿಗೆ ಬೀಗ ಹಾಕಿದ ಕಚೇರಿಯ ಬಗ್ಗೆಯೂ 'ಮೊದಲನೇ ಮಹಡಿಯಲ್ಲಿ ಕಾರ್ಯನಿರ್ವಹಿಸುತ್ತಿದೆ' ಎಂದು ಬರೆದಿರುತ್ತದೆ.

ಇವರು ಯಾವ ಇಲಾಖೆಯಲ್ಲಿದ್ದರು ಎಂದು ನಾನು ಹೇಳುವುದಿಲ್ಲ. ಹೇಳಿದರೆ ಮಿಕ್ಕ ಇಲಾಖೆಯವರು ತಮ್ಮನ್ನು ಬಿಟ್ಟರೆಂದು ಬೇಸರ ಮಾಡಿಕೊಂಡಾರು. ಇವರು ಗುಮಾಸ್ತರು. ಕಚೇರಿಯ ಮೇಜು, ಕುರ್ಚಿ, ಬೀರು ಎಲ್ಲ ಗುಮಾಸ್ತರ ಜವಾಬ್ದಾರಿ. ಗುಮಾಸ್ತರು ಬದಲಾದಾಗ ಹಳಬರು ಹೊಸಬರಿಗೆ ಚಾರ್ಜ್ ಕೊಡಬೇಕು. ಅಂದರೆ ಸಾಮಾನಿನ ಪಟ್ಟಿ ಓದಿ, ಒಂದೊಂದನ್ನೂ ತೋರಿಸಿ, ಹೊಸಬರ ಸಹಿ ತೆಗೆದುಕೊಳ್ಳಬೇಕು. ಸಹಿ ಬಿದ್ದರೆ ಮಾತ್ರ ಹಳಬರಿಗೆ ಬಿಡುಗಡೆ. ನಿಯಮ ಇಷ್ಟು. ಆದರೆ ನರಸೀಪುರದ ಆ ಕಚೇರಿಯಲ್ಲಿ ವಾಡಿಕೆ ಬೇರೆ. ಅಲ್ಲಿ ಮೊದಲು ಸಹಿ, ಆಮೇಲೆ ಸಾಮಾನು ನೋಡುವುದು.

ಇವರು ಅಲ್ಲಿಗೆ ಹೋದ ಮೊದಲ ದಿನ, ಮದುವೆಗೆ ಒಂದು ತಿಂಗಳ ಮುಂಚೆ, ಹಿಂದಿನ ಗುಮಾಸ್ತರು ಚೀಲ ಹೆಗಲಿಗೇರಿಸಿಕೊಂಡೇ ಪಟ್ಟಿ ಮುಂದಿಟ್ಟರಂತೆ. ಅವರಿಗೆ ಬಸ್ಸಿನ ಹೊತ್ತಾಗಿತ್ತು. ಪಟ್ಟಿಯಲ್ಲಿ ಹದಿನಾಲ್ಕನೆಯದು, 'ಸೈಕಲ್ ಒಂದು, ಪಂಪ್ ಸಹಿತ.' ಎದುರಿಗೆ ಫ್ರೇಮಿನ ನಂಬರೂ ಇತ್ತು. ಇವರು ಸೈಕಲ್ ಎಲ್ಲಿ ಎಂದು ಕೇಳಿದರು. ಆ ಮಹಾನುಭಾವರು ಬೀರುವಿನಿಂದ ಪಂಪನ್ನು ತೆಗೆದು ತೋರಿಸಿ, "ಸೈಕಲ್ ಮೂಗೂರಿಗೆ ಹೋಗಿದೆ, ಸಂಜೆ ಬರುತ್ತೆ" ಎಂದರು. ಪಂಪ್ ಇದ್ದ ಮೇಲೆ ಸೈಕಲ್ ಇರಲೇಬೇಕಲ್ಲ. ಇವರು ಸಹಿ ಮಾಡಿದರು. ಸಂಜೆ ಆರೂವರೆಯವರೆಗೆ ಕಚೇರಿಯ ಮೆಟ್ಟಿಲ ಮೇಲೆ ಕುಳಿತು ಕಾದರು.

ನಮ್ಮ ಮನೆಯಲ್ಲಿ ಆಮೇಲೆ ಅದೇ ಒಂದು ಮಾತಾಗಿಬಿಟ್ಟಿತು. ಹಾಲಿನವನು ಬರದಿದ್ದರೆ ಮೂಗೂರಿಗೆ ಹೋದ. ಕರೆಂಟ್ ಹೋದರೆ ಅದೂ ಮೂಗೂರಿಗೆ. ನನ್ನ ತಮ್ಮ ಬರುತ್ತೇನೆಂದು ಹೇಳಿ ಬರದಿದ್ದಾಗ ಇವರೇ, "ನಿನ್ನ ತಮ್ಮ ಮೂಗೂರಿಗೆ ಹೋಗಿರಬೇಕು ಕಣೇ" ಎನ್ನುತ್ತಿದ್ದರು. ಮೂಗೂರಿನವರು ಕ್ಷಮಿಸಬೇಕು. ಆ ಊರು ನಮಗೇನೂ ಮಾಡಿರಲಿಲ್ಲ.

ಸೈಕಲ್ಲನ್ನು ಹುಡುಕುತ್ತಾ ಇವರು ಹಳೆಯ ಗುಮಾಸ್ತರಿಗೆ ಕಾಗದ ಬರೆದರು. ಅವರು, ತಮಗೆ ಚಾರ್ಜ್ ಕೊಟ್ಟವರು ಸೈಕಲ್ ಕವಲಂದೆಗೆ ಹೋಗಿದೆ ಎಂದಿದ್ದರು, ತಾವು ಊರಿನ ಹೆಸರು ಮಾತ್ರ ಬದಲಾಯಿಸಿದ್ದು ಎಂದು ಉತ್ತರ ಬರೆದರು. ಅವರಿಗಿಂತ ಹಿಂದಿನವರು ನಿವೃತ್ತರಾಗಿ ನರಸೀಪುರದಲ್ಲೇ ಇದ್ದರು. ಇವರು ಮನೆ ಹುಡುಕಿಕೊಂಡು ಹೋದಾಗ ಆ ಮುದುಕರು ಕಾಫಿ ಕೊಡಿಸಿ, "ನಾನು ಬಂದಾಗ್ಲೂ ಅದು ಬರ್ಬೇಕಾಗಿತ್ತು ಕಣಯ್ಯ. ಇನ್ನೂ ಬಂದಿಲ್ವಾ?" ಎಂದು ಬಹಳ ಹೊತ್ತು ನಕ್ಕರಂತೆ.

ಇವರು ನಗಲಿಲ್ಲ. ಸೈಕಲ್ ಇಲ್ಲವೆಂದು ಮೇಲಧಿಕಾರಿಗಳಿಗೆ ಬರೆದರು. ಅಲ್ಲಿಂದ ಬಂದ ಉತ್ತರವನ್ನು ನಾನು ಎಷ್ಟೋ ಸಲ ಓದಿದ್ದೇನೆ, ಅದಕ್ಕೇ ಬಾಯಿಗೆ ಬರುತ್ತದೆ. 'ತಾವು ಪಟ್ಟಿಗೆ ಸಹಿ ಮಾಡಿರುವುದರಿಂದ ಸದರಿ ಸೈಕಲ್ ತಮ್ಮ ಸ್ವಾಧೀನದಲ್ಲಿ ಇರುತ್ತದೆ. ಅದನ್ನು ಸುಸ್ಥಿತಿಯಲ್ಲಿ ಇಟ್ಟುಕೊಂಡು ಕರ್ತವ್ಯ ನಿರ್ವಹಿಸತಕ್ಕದ್ದು.'

ನಮ್ಮ ಮನೆ ನಂಜನಗೂಡಿನಲ್ಲಿ. ಇವರು ದಿನಾ ಬಸ್ಸಿನಲ್ಲಿ ನರಸೀಪುರಕ್ಕೆ ಹೋಗಿ ಬರುತ್ತಿದ್ದರು. ಮಗಳು ಹುಟ್ಟಿದ ಮೇಲೆ ನಂಜನಗೂಡಿಗೇ ವರ್ಗ ಕೇಳಿದರು. ವರ್ಗವೂ ಆಯಿತು. ಅವತ್ತು ನಾನು ಪಾಯಸ ಮಾಡಿದ್ದೆ. ನರಸೀಪುರಕ್ಕೆ ಬದಲಿ ಗುಮಾಸ್ತರು ಬಂದರು. ಪಟ್ಟಿ ಹಿಡಿದುಕೊಂಡು ಹದಿನಾಲ್ಕನೆಯದಕ್ಕೆ ಬಂದಾಗ ಅವರೂ ಸೈಕಲ್ ಎಲ್ಲಿ ಎಂದು ಕೇಳಿದರು. ಇವರು ಬೀರುವಿನಿಂದ ಪಂಪ್ ತೆಗೆಯಬೇಕಾಗಿತ್ತು, ಯಾವುದಾದರೂ ಒಂದು ಊರಿನ ಹೆಸರು ಹೇಳಬೇಕಾಗಿತ್ತು. ತಾಲ್ಲೂಕಿನಲ್ಲಿ ಊರುಗಳಿಗೇನು ಬರ. ಇವರು, "ಸೈಕಲ್ ಇಲ್ಲ. ನಾನು ಬಂದಾಗಲೂ ಇರಲಿಲ್ಲ. ಅದಕ್ಕೆ ಸೈನ್ ಹಾಕಬೇಡಿ" ಎಂದುಬಿಟ್ಟರು.

ಆ ಮನುಷ್ಯ ಯಾವುದಕ್ಕೂ ಸೈನ್ ಹಾಕಲಿಲ್ಲ. ಮಾರನೆಯ ದಿನವೇ ಕಾಯಿಲೆ ರಜೆ ಹಾಕಿ ಹೋದವರು ಬೇರೆ ಕಡೆಗೆ ವರ್ಗ ಮಾಡಿಸಿಕೊಂಡರು. ಎಂಟು ವರ್ಷದಲ್ಲಿ ಹೀಗೆ ನಾಲ್ಕು ಜನ ಬಂದರು. ಇವರು ನಾಲ್ಕೂ ಜನಕ್ಕೆ ಸತ್ಯ ಹೇಳಿದರು. ನಾಲ್ವರೂ ಆರೋಗ್ಯ ಕೆಡಿಸಿಕೊಂಡು ಹೊರಟುಹೋದರು.

ಚಾರ್ಜ್ ಕೊಡದೆ ನರಸೀಪುರ ಬಿಡುವಂತಿಲ್ಲ. ಆದೇಶ ಬಂದ ಮೇಲೆ ನಂಜನಗೂಡಿಗೆ ಹೋಗದೆ ಇರುವಂತಿಲ್ಲ. ಆದ್ದರಿಂದ ಎರಡೂ ಕಡೆ ಕರ್ತವ್ಯ ನಿರ್ವಹಿಸತಕ್ಕದ್ದು ಎಂದು ಮೂರನೆಯ ಆದೇಶ ಬಂತು. ಸೋಮವಾರ, ಬುಧವಾರ, ಶುಕ್ರವಾರ ನಂಜನಗೂಡು; ಉಳಿದ ಮೂರು ದಿನ ನರಸೀಪುರ. ಜನ ಸುಮ್ಮನೆ ಅಲೆಯಬಾರದೆಂದು ಇವರು ಎರಡೂ ಕಚೇರಿಯ ಗೋಡೆಗೆ ಆ ದಿನಗಳನ್ನು ಬರೆದು ಅಂಟಿಸಿದರು. ನರಸೀಪುರದ ಆಗಿನ ಸೂಪರಿಂಟೆಂಡೆಂಟರು ಅದನ್ನು ಕೀಳಿಸಿದರು. "ಹೀಗೆ ಬರೆದರೆ ಉಳಿದ ದಿನ ನೀವಿಲ್ಲ ಅಂತ ಜನಕ್ಕೆ ಗೊತ್ತಾಗಲ್ವೇನ್ರೀ?"

ಬರೆದದ್ದರ ಬದಲು ಅಟೆಂಡರ್ ಮಹದೇವು ಒಂದು ಟವೆಲನ್ನು ಇವರ ಕುರ್ಚಿಯ ಬೆನ್ನಿಗೆ ಹಾಕತೊಡಗಿದ. ಯಾರಾದರೂ ಕೇಳಿದರೆ, "ಸಾ ಇಲ್ಲೇ ಎಲ್ಲೋ ಓಗವ್ರೆ, ಟವಲ್ ಅದಲ್ಲ" ಎನ್ನುತ್ತಿದ್ದ. ಇವರು ಒಂದು ದಿನ ಅವನಿಗೆ ಬೈದರು. ಅವನು, "ಸುಮ್ಕಿರಿ ಸಾ. ನೀವು ಕುಂತ್ಕಂಡ್ರೆ ಜನ ನಿಮ್ಮನ್ನ ನಾಕು ಕೇಳ್ವಿ ಕೇಳ್ತರೆ, ಉತ್ರ ಏಳ್ಬೇಕು. ಟವಲ್‌ನ ಯಾರೂ ಏನೂ ಕೇಳಲ್ಲ" ಎಂದನಂತೆ. ರಾತ್ರಿ ಊಟಕ್ಕೆ ಕುಳಿತಾಗ ಇವರು ಅದನ್ನು ಹೇಳಿ, "ಅವನು ಹೇಳಿದ್ದರಲ್ಲಿ ತಪ್ಪೇನೂ ಇಲ್ಲ" ಎಂದರು.

ನನ್ನ ಸಿಟ್ಟೆಲ್ಲ ಆ ಸೈಕಲ್ಲಿನ ಮೇಲೆ. ಇವರು ಮನೆಗೆ ಬರುವ ಹೊತ್ತಿಗೆ ಮಗಳು ಮಲಗಿರುತ್ತಿದ್ದಳು. ಮುಖ ತೊಳೆದುಕೊಳ್ಳದೆ ಹಾಗೇ ಗೋಡೆಗೆ ಒರಗಿ ನಿದ್ದೆ ಹೋಗುತ್ತಿದ್ದರು. ಒಂದು ಭಾನುವಾರ ನಾನೇ ಸೈಕಲ್ ಅಂಗಡಿಗೆ ಹೋಗಿ, ಹಳೆಯದೊಂದನ್ನು ಗೊತ್ತುಮಾಡಿ ಬಂದೆ. ಫ್ರೇಮಿನ ಮೇಲೆ ಬೇಕಾದ ನಂಬರು ಹೊಡೆದುಕೊಡುತ್ತೇನೆಂದು ಅಂಗಡಿಯವನು ಒಪ್ಪಿದ್ದ. ಅವನಿಗೆ ಅದೇನೂ ಹೊಸದಲ್ಲವೆಂದು ಕಾಣುತ್ತದೆ.

"ತಗೊಂಡು ಹೋಗಿ ಅಲ್ಲಿ ನಿಲ್ಲಿಸಿಬಿಡ್ರೀ" ಎಂದೆ. "ಒಂದು ಸಹಿ ಬಿದ್ದರೆ ಮುಗೀತಲ್ಲ."

"ಅದು ಆ ಸೈಕಲ್ ಅಲ್ವಲ್ಲೇ."

"ಆ ಸೈಕಲ್ ಎಲ್ಲಿದೆ? ಇದ್ದರಲ್ವಾ ಇದು ಅದಲ್ಲ ಅನ್ನೋಕೆ?"

ಇವರು ಉಂಡ ತಟ್ಟೆಯನ್ನು ಎತ್ತಿ ತಂದು ಬಚ್ಚಲಲ್ಲಿಟ್ಟರು. ಆಮೇಲೆ, "ನನಗೆ ಒಬ್ಬರು ಸುಳ್ಳು ಹೇಳಿ ಸೈನ್ ಹಾಕಿಸಿಕೊಂಡರು. ನಾನು ಇನ್ನೊಬ್ಬರ ಕೈಲಿ ಹಾಕಿಸಲಾ?" ಎಂದರು.

ನಾನು ಪಾತ್ರೆಗಳನ್ನು ಬೇಕಿದ್ದಕ್ಕಿಂತ ಜೋರಾಗಿ ತೊಳೆದೆ. ಸರ್ಕಾರದಲ್ಲಿ ಇಷ್ಟೊಂದು ಜನ ಇರುವಾಗ ಪ್ರಾಮಾಣಿಕನಾಗಿರುವ ಸರದಿ ನಮ್ಮನೆಯವರಿಗೇ ಯಾಕೆ ಬರಬೇಕು ಎನ್ನುವುದು ಆಗ ನನ್ನ ದೊಡ್ಡ ದೂರು.

ಮೂರು ವರ್ಷದ ಹಿಂದೆ ಒಂದು ಗುರುವಾರ ಬೆಳಿಗ್ಗೆ ಇವರು ಬಸ್ಸಿನಲ್ಲಿ ಕುಳಿತವರು ನರಸೀಪುರ ಬಂದರೂ ಏಳಲಿಲ್ಲ. ದಿನಾ ನಿದ್ದೆ ಮಾಡುವವರೇ ಎಂದು ಕಂಡಕ್ಟರು ಎಲ್ಲರನ್ನೂ ಇಳಿಸಿದ ಮೇಲೆ ಬಂದು ಭುಜ ಮುಟ್ಟಿದನಂತೆ. ಹೃದಯ ನಿಂತಿತ್ತು. ಹೆಚ್ಚು ಹೇಳಲು ನನಗೆ ಆಗುವುದಿಲ್ಲ. ಇಷ್ಟು ಮಾತ್ರ ಹೇಳುತ್ತೇನೆ. ಎರಡೂ ಕಚೇರಿಯಿಂದ ಸಂತಾಪದ ಕಾಗದ ಬಂತು. ನಂಜನಗೂಡಿನವರು, ಆ ದಿನ ಅವರು ನರಸೀಪುರದ ಕರ್ತವ್ಯದಲ್ಲಿದ್ದರು ಎಂದು ಬರೆದಿದ್ದರು. ನರಸೀಪುರದವರು, ಅವರು ಇನ್ನೂ ಕರ್ತವ್ಯಕ್ಕೆ ಹಾಜರಾಗಿರಲಿಲ್ಲ ಎಂದು ಬರೆದಿದ್ದರು. ಬಸ್ಸಿನಲ್ಲಿ ಇದ್ದ ಹೊತ್ತಿಗೆ ಯಾವ ಫಾರಂನಲ್ಲೂ ಜಾಗ ಇರಲಿಲ್ಲ. ಎಂಟು ವರ್ಷ ಇವರು ಹೆಚ್ಚಾಗಿ ಇದ್ದದ್ದು ಅಲ್ಲೇ.

ತಿಥಿ ಮುಗಿದು ಎರಡು ವಾರಕ್ಕೆ ಮಹದೇವು ಮನೆಗೆ ಬಂದ. ತಲೆ ತಗ್ಗಿಸಿಕೊಂಡೇ ಕುಳಿತಿದ್ದು, ಕೊನೆಗೆ, "ಅಕ್ಕಾ, ಬೀರು ಬೀಗದ್ ಕೈ ನಿಮ್ ತಾವೇ ಅದೆ. ಒಸ ಗುಮಾಸ್ತರು ಬಂದವ್ರೆ. ಮನೆಯೋರು ಯಾರಾರ ಬಂದು ಚಾರ್ಜ್ ಕೊಡ್ಬೇಕಂತೆ" ಎಂದ. "ಕೊಡ್ದೆ ಓದ್ರೆ, ಇಲ್ದೇ ಇರೋದೆಲ್ಲ ಸಾ ಎಸ್ರಿಗೆ ಬರ್ಕತಾರಂತೆ."

ಆ ರಾತ್ರಿಯೇ ನಿರ್ಧಾರ ಮಾಡಿದೆ. ಇವರ ಹೆಸರಿನ ಮುಂದೆ ಆ ಕಚೇರಿಯಲ್ಲಿ ಏನೂ ಉಳಿಯಬಾರದು. ಹನ್ನೊಂದು ವರ್ಷದಲ್ಲಿ ಒಂದು ಗುಂಡುಸೂಜಿಯನ್ನೂ ಮನೆಗೆ ತಂದವರಲ್ಲ. ಅಂಥವರು ಸರ್ಕಾರದ ಸಾಮಾನು ಕಳೆದರು ಎಂದು ಯಾವ ಪುಸ್ತಕದಲ್ಲೂ ಇರಕೂಡದು. ಅದಕ್ಕೆ ಬೇಕಾದದ್ದು ಒಂದು ಸಹಿ. ಇವರಿಗೆ ಇಲ್ಲದ ಧೈರ್ಯ ನನಗಿದೆ, ಬೇಕಾದರೆ ನಾಲ್ಕು ಊರಿನ ಹೆಸರು ಹೇಳುತ್ತೇನೆ ಎಂದುಕೊಂಡೇ ಬೆಳಿಗ್ಗೆ ಬಸ್ಸು ಹತ್ತಿದೆ.

ಹೊಸ ಗುಮಾಸ್ತೆ ಕವಲಂದೆಯ ಹುಡುಗಿ, ಸವಿತಾ. ಅದೇ ಮೊದಲ ಕೆಲಸ. ಸೀರೆ ಇನ್ನೂ ಮೈಗೆ ಬಗ್ಗಿರಲಿಲ್ಲ. ಸೂಪರಿಂಟೆಂಡೆಂಟರೂ ಬದಲಾಗಿದ್ದರು. ಮೆತ್ತಗಿನ ಮಾತಿನ ಮನುಷ್ಯ. ನನಗೆ ಕುರ್ಚಿ ಹಾಕಿಸಿ, "ಹತ್ತು ನಿಮಿಷದ ಕೆಲಸ ಅಮ್ಮಾ" ಎಂದರು. ನಾನು ಬೀರು ತೆಗೆದುಕೊಟ್ಟೆ. ಮಹದೇವು ಪಟ್ಟಿ ಓದಿದ.

"ಮೇಜು ಎರಡು."

ಸವಿತಾ ಎದ್ದುಹೋಗಿ ಎರಡೂ ಮೇಜನ್ನು ಮುಟ್ಟಿ ಬಂದು ಕುಳಿತು, "ಇದೆ" ಎಂದಳು.

"ಕುರ್ಚಿ ಐದು."

"ನಾಲ್ಕೇ ಇದೆಯಲ್ಲ?"

"ಐದ್ನೇದ್ರ ಮೇಲೆ ನೀವೇ ಕುಂತಿದ್ದೀರಿ ಕಣವ್ವ."

"ಗೋಡೆ ಗಡಿಯಾರ ಒಂದು" ಎಂದು ಮಹದೇವು ಮುಂದಕ್ಕೆ ಓದಿದ.

"ಇದೆ. ಆದ್ರೆ ಓಡ್ತಿಲ್ಲ ಸಾರ್."

"ಓಡುವ ಗಡಿಯಾರ ಅಂತ ಬರೆದಿಲ್ಲವಲ್ಲಮ್ಮ. ಟಿಕ್ ಹಾಕು" ಎಂದರು ಸೂಪರಿಂಟೆಂಡೆಂಟರು.

ಹದಿನಾಲ್ಕನೆಯದು ಬಂತು. ಮಹದೇವು ಅದನ್ನು ಓದದೆ ಬೀರುವಿನಿಂದ ಪಂಪ್ ತೆಗೆದು ಮೇಜಿನ ಮೇಲಿಟ್ಟ. ಸವಿತಾ ಅದರ ಹಿಡಿ ಎಳೆದು ಒತ್ತಿದಳು. ಗಾಳಿ ಬಂತು. ಆ ಕಚೇರಿಯಲ್ಲಿ ಕೆಲಸ ಮಾಡುತ್ತಿದ್ದ ಸಾಮಾನು ಅದೊಂದೇ ಇರಬೇಕು.

"ಸೈಕಲ್?"

"ರಿಪೇರಿಗೆ ಹೋಗಿದೆಯಮ್ಮ, ಬರುತ್ತೆ. ಹಿಂದಿನವರೆಲ್ಲ ಹಾಕಿದ್ದಾರೆ, ನೀನೂ ಹಾಕು. ಪಾಪ, ಇವರು ದುಃಖದಲ್ಲಿದ್ದಾರೆ. ಇನ್ನೂ ಕೂರಿಸಿಕೊಳ್ಳೋದು ಚೆನ್ನಾಗಿರಲ್ಲ" ಎಂದರು ಸೂಪರಿಂಟೆಂಡೆಂಟರು.

ಹುಡುಗಿ ಪೆನ್ನು ಹಿಡಿದುಕೊಂಡು ನನ್ನ ಮುಖ ನೋಡಿದಳು. ನಾನು ತಲೆಯಾಡಿಸಿದರೆ ಸಾಕಾಗಿತ್ತು. ಊರಿನ ಹೆಸರೂ ಹೇಳಬೇಕಾಗಿರಲಿಲ್ಲ, ಸೂಪರಿಂಟೆಂಡೆಂಟರೇ ಆ ಕೆಲಸ ಮುಗಿಸಿದ್ದರು. ಆ ಒಂದು ಗೀಟಿಗಾಗಿ ನಾನು ಎಂಟು ವರ್ಷ ಇವರ ಜೊತೆ ಜಗಳವಾಡಿದ್ದೆ. ಈಗ ಅದು ನನ್ನ ಮುಂದೆ, ಒಂದು ಮೊಳ ದೂರದಲ್ಲಿತ್ತು.

"ಆಂಟಿ, ಸೈಕಲ್ ಇದೆಯಾ?" ಎಂದು ಅವಳು ಕೇಳಿದಳು.

ಅವಳು ಕೇಳದೆ ಗೀಟು ಹಾಕಿಬಿಟ್ಟಿದ್ದರೆ ನಾನು ಸುಮ್ಮನಿರುತ್ತಿದ್ದೆನೇನೋ. ನಿಮ್ಮ ಹತ್ತಿರ ಮುಚ್ಚಿಡುವುದೇನು, ಖಂಡಿತ ಸುಮ್ಮನಿರುತ್ತಿದ್ದೆ. ಆದರೆ ಕೇಳಿದಳು. ನನಗೆ ಕವಲಂದೆಯಿಂದ ನರಸೀಪುರಕ್ಕೆ ದಿನಾ ಬರುವ ಬಸ್ಸು ಕಂಡಿತು. ಗೋಡೆಗೆ ಒರಗಿ ನಿದ್ದೆ ಹೋದವರು ಕಂಡರು.

"ಇಲ್ಲ ಮಗಾ" ಎಂದೆ. "ನಮ್ಮನೆಯವರು ಬಂದಾಗಲೂ ಇರಲಿಲ್ಲ. ಅದಕ್ಕೆ ಸೈನ್ ಹಾಕಬೇಡ."

ಹೇಳಿದ ಮೇಲೆ ಅದು ಯಾರ ಮಾತೆಂದು ತಿಳಿಯಿತು.

ಸೂಪರಿಂಟೆಂಡೆಂಟರು ಕನ್ನಡಕ ತೆಗೆದರು. "ಅಮ್ಮಾ, ಯೋಚನೆ ಮಾಡಿ ಹೇಳಿ. ಅವಳು ತಗೊಳ್ಳದಿದ್ದರೆ ಅದು ನಿಮ್ಮ ಯಜಮಾನರ ಹೆಸರಲ್ಲೇ ಉಳಿಯುತ್ತೆ. ನಾಳೆ ಯಾರಾದರೂ ಪುಸ್ತಕ ತೆಗೆದು ನೋಡಿದರೆ, ಈ ಮನುಷ್ಯ ಸರ್ಕಾರದ ಸೈಕಲ್ ಇಟ್ಕೊಂಡಿದ್ದ ಅಂತಾರೆ."

"ಅಂದುಕೊಳ್ಳಲಿ ಸಾರ್. ಅವರಿಗೆ ಸೈಕಲ್ ಹೊಡೆಯೋಕೇ ಬರ್ತಿರಲಿಲ್ಲ."

ಮಹದೇವು ನಕ್ಕುಬಿಟ್ಟ. ನಕ್ಕವನು ಹಾಗೇ ಹೊರಗೆ ಹೋಗಿ ಮೆಟ್ಟಿಲ ಮೇಲೆ ಸ್ವಲ್ಪ ಹೊತ್ತು ನಿಂತುಬಂದ. ಸೂಪರಿಂಟೆಂಡೆಂಟರು ಬೇರೊಂದು ಹಾಳೆ ತೆಗೆದುಕೊಂಡು, ಕ್ರಮಸಂಖ್ಯೆ ಹದಿನಾಲ್ಕು ಹಿಂದಿನವರ ಸ್ವಾಧೀನದಲ್ಲಿಯೇ ಇರುತ್ತದೆ ಎಂದು ಬರೆದರು. ಬಸ್ಸಿನಲ್ಲಿ ಮನೆಗೆ ಬರುವಾಗ ನಾನು ದಾರಿಯುದ್ದಕ್ಕೂ ಅತ್ತೆ. ಸತ್ತವರ ಹೆಸರನ್ನು ಉಳಿಸಲು ಹೋದವಳು ಅವರ ತಲೆಗೇ ಆ ಸೈಕಲ್ಲನ್ನು ಕಟ್ಟಿ ಬಂದಿದ್ದೆ.

ಕಳೆದ ವಾರದ ಬೆಂಚಿಗೆ ಬರುತ್ತೇನೆ. ಒಂದೂವರೆ ಗಂಟೆಯಾದ ಮೇಲೆ ಯಾರೋ, "ಆಂಟಿ" ಎಂದರು. ಸವಿತಾ. ಗುರುತು ಹತ್ತಲು ಒಂದು ನಿಮಿಷ ಬೇಕಾಯಿತು. ಸೀರೆ ಈಗ ಅವಳ ಮಾತು ಕೇಳುತ್ತಿತ್ತು. ನಂಜನಗೂಡಿಗೆ ವರ್ಗವಾಗಿ ಹತ್ತು ದಿನವಾಯಿತಂತೆ, ಇವರ ಇಲಾಖೆಯ ಕೋಣೆ ಅದೇ ಕಟ್ಟಡದಲ್ಲಿ.

"ಚಾರ್ಜ್ ಕೊಡೋಕೆ ಕಷ್ಟ ಆಯ್ತೇನಮ್ಮ?" ಎಂದು ಕೇಳಿದೆ.

"ಇಲ್ಲ ಆಂಟಿ. ಬೆಳಿಗ್ಗೆ ಕೊಟ್ಟೆ, ಮಧ್ಯಾಹ್ನ ರಿಲೀವ್ ಮಾಡಿದ್ರು. ನನ್ನ ಪಟ್ಟಿಯಲ್ಲಿ ಇದ್ದದ್ದೆಲ್ಲ ಇತ್ತಲ್ಲ."

ಆಮೇಲೆ ನನ್ನ ಪಕ್ಕ ಕುಳಿತು, ದನಿ ತಗ್ಗಿಸಿ ಹೇಳಿದಳು. ಪ್ರತಿ ಮಾರ್ಚ್‌ನಲ್ಲಿ ಸಾಮಾನುಗಳ ತಪಾಸಣೆ ಮಾಡಿ ಪುಸ್ತಕದಲ್ಲಿ ಹೊಸದಾಗಿ ಬರೆಯಬೇಕು. ಹದಿನಾಲ್ಕನೆಯ ಸಾಲಿನಲ್ಲಿ, ಯಾರ ಸ್ವಾಧೀನದಲ್ಲಿದೆ ಎನ್ನುವ ಕಡೆ, ಇವರ ಹೆಸರು. ಮೂರು ವರ್ಷ ಅವಳೇ ಬರೆದಳು. ಅವಳ ಜಾಗಕ್ಕೆ ಬಂದವ ಹೊಸಬ, ಅವನಿಗೂ ಹೇಗೆ ಬರೆಯಬೇಕೆಂದು ತೋರಿಸಿಕೊಟ್ಟು ಬಂದಿದ್ದಾಳೆ.

"ಇನಿಷಿಯಲ್ ಸಮೇತ ಬರೀತಿದ್ಯಾ?" ಎಂದೆ.

"ಹ್ಞೂಂ ಆಂಟಿ. ಇನಿಷಿಯಲ್ ಹಾಕಿ, ಹುದ್ದೆ ಹಾಕಿ."

ವರ್ಷಕ್ಕೊಂದು ದಿನ ನಾವು ಮನೆಯಲ್ಲಿ ಇವರ ಫೋಟೋದ ಮುಂದೆ ಎಡೆ ಇಡುತ್ತೇವೆ. ವರ್ಷಕ್ಕೊಂದು ದಿನ ಸರ್ಕಾರವೂ ಇವರ ಹೆಸರನ್ನು ಪೂರ್ತಿಯಾಗಿ ಬರೆಯುತ್ತದೆ ಎಂದು ನನಗೆ ತಿಳಿದಿರಲಿಲ್ಲ. ನಾವು ಬಂದ ನೆಂಟರಿಗೆ ಇವರನ್ನು 'ಇದ್ದರು' ಎಂದು ಹೇಳುತ್ತೇವೆ. ಅಲ್ಲಿ ಇನ್ನೂ ಮುಗಿಸಿಲ್ಲ.

ನಾನು ಸೆರಗನ್ನು ಮತ್ತೆ ಮುಖಕ್ಕೆ ಹಿಡಿದದ್ದನ್ನು ಸವಿತಾ ಬೇರೆ ರೀತಿ ತಿಳಿದುಕೊಂಡಳು. "ಬೇಜಾರ್ ಮಾಡ್ಕೋಬೇಡಿ ಆಂಟಿ. ಮನೆಯವರು ಒಂದು ಅರ್ಜಿ ಕೊಟ್ಟರೆ ಆ ಸಾಲನ್ನೇ ವಜಾ ಮಾಡ್ತಾರಂತೆ, ಈಗ ಹೊಸದಾಗಿ ಆದೇಶ ಬಂದಿದೆ. ನಾನೇ ಬರ್ದುಕೊಡ್ತೀನಿ, ನೀವು ಸೈನ್ ಹಾಕಿದ್ರೆ ಸಾಕು" ಎಂದು ಪೆನ್ನಿನ ಮುಚ್ಚಳ ತೆಗೆದಳು.

"ಬೇಡ ಮಗಾ" ಎಂದೆ. "ಬರೀಲಿ ಬಿಡು."